ಬಾತುಕೋಳಿಗಳ ಗಾಯಕ್ಕೆ ಹುಳು ಬೀಳುವುದು: ಚಿಕಿತ್ಸೆ ಮತ್ತು ಮುಂಜಾಗ್ರತಾ ಕ್ರಮಗಳು



ಭತ್ತದ ಗದ್ದೆಯಲ್ಲಿ ಬಾತುಕೋಳಿಗಳನ್ನು ಬಿಡುವ ಸಮಗ್ರ ಕೃಷಿ ಪದ್ಧತಿಯ ಬಗ್ಗೆ ಮಾತನಾಡುವಾಗ ನಾವು ಕೃಷಿ ವಿಜ್ಞಾನಿಗಳು ಸಾಮಾನ್ಯವಾಗಿ ಅವುಗಳಿಂದಾಗುವ ಲಾಭವನ್ನೇ ಹೇಳುತ್ತೇವೆ. ನಾಟಿಯಾದ ಎರಡು-ಮೂರು ವಾರಗಳ ನಂತರ ಗದ್ದೆಗೆ ಬಿಟ್ಟ ಬಾತುಗಳು ತೆನೆ ಹೊರಬರುವವರೆಗೆ ಕಳೆಯ ಮೊಳಕೆಗಳನ್ನು ತುಳಿದು, ಕೀಟ ಹಾಗೂ ಬಸವನಹುಳುಗಳನ್ನು ತಿಂದು, ಹಿಕ್ಕೆಯಿಂದ ಮಣ್ಣಿಗೆ ಸತ್ವ ನೀಡುತ್ತವೆ. ಆದರೆ ಅದೇ ಮುಂಗಾರಿನ ತಿಂಗಳುಗಳಲ್ಲಿ ಈ ಪಕ್ಷಿಗಳಿಗೆ ಬರುವ ಒಂದು ಅಪಾಯದ ಬಗ್ಗೆ ಹೇಳುವುದು ಕಡಿಮೆ. ಗದ್ದೆಯಲ್ಲಿ ನೂರು ಬಾತು ಸಾಕುವವರಿಗೂ, ಮನೆಯ ಹಿತ್ತಲಿನಲ್ಲಿ ಪ್ರೀತಿಯಿಂದ ಎರಡು ಬಾತು ಸಾಕಿಕೊಂಡವರಿಗೂ ಈ ಅಪಾಯ ಒಂದೇ. ಅದು ಗಾಯಕ್ಕೆ ಅಥವಾ ಕೊಳಕಾದ ಗರಿಗಳಿಗೆ ಹುಳು ಬೀಳುವುದು. ಪಶುವೈದ್ಯರು ಇದನ್ನು ಮೈಯಾಸಿಸ್ ಎನ್ನುತ್ತಾರೆ.

ಇದನ್ನು ಬರೆಯಲು ನನಗೆ ಒಂದು ಸ್ವಂತ ಕಾರಣವೂ ಇದೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಸಾಕಿದ್ದ ಒಂದು ಹೆಣ್ಣು ಬಾತು ಜುಲೈ ತಿಂಗಳ ಒಂದು ಶನಿವಾರ ಗುಂಪಿನಿಂದ ದೂರ ಕುಳಿತಿತ್ತು. ಅದರ ಬಾಲದ ಕೆಳಗಿನ ಗರಿಗಳು ತೇವವಾಗಿ ಅಂಟಿಕೊಂಡಿದ್ದುದನ್ನು ನಾನು ಕಂಡಿದ್ದೆ. ಮಳೆಗಾಲ, ನೀರಿನ ಪಕ್ಷಿ, ಒದ್ದೆಯಾಗಿದ್ದರೆ ಆಶ್ಚರ್ಯವೇನು ಎಂದುಕೊಂಡು ಸುಮ್ಮನಾದೆ. ಸೋಮವಾರ ದುರ್ವಾಸನೆ ಬಂದಾಗ ಎತ್ತಿ ನೋಡಿದರೆ ಹುಳುಗಳು ಮಲದ್ವಾರದ ಒಳಕ್ಕೆ ಇಳಿದಿದ್ದವು. ವೈದ್ಯರು ಪ್ರಯತ್ನಿಸಿದರೂ ಅದು ಉಳಿಯಲಿಲ್ಲ. ಶನಿವಾರವೇ ಒಂದು ನಿಮಿಷ ಗರಿ ಸರಿಸಿ ನೋಡಿದ್ದರೆ ಬಹುಶಃ ಉಳಿಯುತ್ತಿತ್ತು. ಈ ಲೇಖನದ ಸಾರಾಂಶವೂ ಅಷ್ಟೇ: ಈ ತೊಂದರೆಯಲ್ಲಿ ಔಷಧಿಗಿಂತ ಸಮಯ ಮುಖ್ಯ. ಮಳೆಗಾಲದಲ್ಲಿ ಪ್ರತಿ ಬಾತಿನ ಹಿಂಬದಿಯನ್ನು ದಿನಕ್ಕೆರಡು ಬಾರಿ ನೋಡುವ ಅಭ್ಯಾಸಕ್ಕೆ ಸಮನಾದ ಚಿಕಿತ್ಸೆ ಬೇರೊಂದಿಲ್ಲ.

ಮೊದಲು ಒಂದು ಸ್ಪಷ್ಟನೆ

ಇಲ್ಲಿ 'ಹುಳು' ಎಂದರೆ ನೊಣದ ಮೊಟ್ಟೆಯೊಡೆದು ಹೊರಬಂದ ಮರಿ. ಇದು ಕರುಳಿನ ಜಂತುಹುಳು ಅಲ್ಲ. ಔಷಧಿ ಅಂಗಡಿಯಲ್ಲಿ 'ಬಾತಿಗೆ ಹುಳು ಆಗಿದೆ' ಎಂದಷ್ಟೇ ಹೇಳಿದರೆ ಜಂತುನಾಶಕ ಔಷಧಿ ಕೊಟ್ಟು ಕಳುಹಿಸುವ ಸಾಧ್ಯತೆ ಇದೆ. ಕರುಳಿನ ಜಂತಿಗೆ ಕುಡಿಸುವ ಅಲ್ಬೆಂಡಜೋಲ್‌ನಂತಹ ಔಷಧಿಯಿಂದ ಗಾಯದಲ್ಲಿರುವ ನೊಣದ ಹುಳುಗಳು ಹೋಗುವುದಿಲ್ಲ. ಆ ನಂಬಿಕೆಯಲ್ಲಿ ಕಳೆದುಹೋಗುವ ಒಂದು ದಿನವೇ ಪಕ್ಷಿಯ ಪ್ರಾಣಕ್ಕೆ ಎರವಾಗಬಹುದು. ಆದ್ದರಿಂದ 'ಗಾಯಕ್ಕೆ ನೊಣದ ಹುಳು ಬಿದ್ದಿದೆ' ಎಂದು ಸ್ಪಷ್ಟವಾಗಿ ಹೇಳಿ.

ನೊಣದ ಜೀವನಚಕ್ರ

ಲೋಹದ ಹೊಳಪುಳ್ಳ ಹಸಿರು ಅಥವಾ ನೀಲಿ ಬಣ್ಣದ ದಪ್ಪ ನೊಣಗಳನ್ನು ನೀವು ಮೀನು, ಮಾಂಸದ ತ್ಯಾಜ್ಯದ ಮೇಲೆ ನೋಡಿರುತ್ತೀರಿ. ಬಾತುಗಳಿಗೆ ತೊಂದರೆ ಕೊಡುವ ನೊಣಗಳಲ್ಲಿ ಇವೇ ಪ್ರಮುಖವಾದವು. ಇವುಗಳಲ್ಲಿ ಎರಡು ಸ್ವಭಾವದ ನೊಣಗಳಿವೆ.

ಮೊದಲನೆಯದು ಲುಸಿಲಿಯಾದಂತಹ ಹಸಿರು ನೊಣಗಳು. ಇವು ಸತ್ತ ಪ್ರಾಣಿ, ಕೊಳೆತ ಮಾಂಸ, ಮೀನಿನ ತ್ಯಾಜ್ಯದಲ್ಲಿ ಹುಟ್ಟಿ ಬೆಳೆಯುತ್ತವೆ. ಹಿಕ್ಕೆ ಮೆತ್ತಿದ ಗರಿ, ಕೀವು, ರಕ್ತದ ವಾಸನೆ ಸಿಕ್ಕಿದರೆ ಬದುಕಿರುವ ಪಕ್ಷಿಯ ಮೇಲೂ ಮೊಟ್ಟೆಯಿಡುತ್ತವೆ.

ಎರಡನೆಯದು ಕ್ರೈಸೋಮಿಯಾ ಬೆಜ್ಜಿಯಾನಾ ಎಂಬ ನೊಣ. ಇದರ ಮರಿಗಳು ಬದುಕಿರುವ ಪ್ರಾಣಿಯ ಮಾಂಸವನ್ನು ಮಾತ್ರ ತಿಂದು ಬೆಳೆಯುತ್ತವೆ. ದನ, ನಾಯಿ, ಕುರಿಗಳ ಗಾಯಗಳಲ್ಲಿ ಆಳವಾಗಿ ಕೊರೆಯುವ ಹುಳುಗಳು ಬಹುಮಟ್ಟಿಗೆ ಇವೇ. ಮೈಸುತ್ತ ಮುಳ್ಳಿನ ಸಾಲುಗಳಿದ್ದು ನೋಡಲು ತಿರುಪು ಮೊಳೆಯಂತೆ ಇರುತ್ತವೆ. ತಲೆಯನ್ನು ಮಾಂಸದಲ್ಲಿ ಹುದುಗಿಸಿ, ಉಸಿರಾಡುವ ರಂಧ್ರಗಳಿರುವ ಹಿಂತುದಿಯನ್ನು ಮೇಲಕ್ಕಿಟ್ಟುಕೊಂಡು ಬಿಗಿಯಾಗಿ ಕಚ್ಚಿಕೊಂಡಿರುತ್ತವೆ. ಹೀಗಾಗಿ ನೀರು ಹಾಯಿಸಿದ ಮಾತ್ರಕ್ಕೆ ಇವು ಹೊರಬರುವುದಿಲ್ಲ.

ಎರಡೂ ಬಗೆಯ ನೊಣಗಳು ಒಂದು ಬಾರಿಗೆ ಸುಮಾರು 150 ರಿಂದ 200 ಮೊಟ್ಟೆಗಳನ್ನು ಗುಂಪಾಗಿ ಇಡುತ್ತವೆ. ನಮ್ಮ ಮಳೆಗಾಲದ ಬೆಚ್ಚಗಿನ, ತೇವದ ಹವೆಯಲ್ಲಿ ಈ ಮೊಟ್ಟೆಗಳು ಒಂದು ದಿನದೊಳಗೆ ಒಡೆಯುತ್ತವೆ. ಮರಿಗಳು ಸುಮಾರು ಒಂದು ವಾರ ಮಾಂಸ ತಿಂದು ಬೆಳೆದು, ನೆಲಕ್ಕೆ ಉದುರಿ, ಸಡಿಲ ಮಣ್ಣಿನಲ್ಲಿ ಕೋಶಾವಸ್ಥೆಗೆ ಹೋಗುತ್ತವೆ. ಮತ್ತೊಂದು ವಾರದ ಆಸುಪಾಸಿನಲ್ಲಿ ಹೊಸ ನೊಣಗಳಾಗಿ ಹೊರಬರುತ್ತವೆ. ಈ ಲೆಕ್ಕದಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಬೆಳಿಗ್ಗೆ ಚೆನ್ನಾಗಿದ್ದ ಪಕ್ಷಿಯಲ್ಲಿ ಮರುದಿನ ಬೆಳಿಗ್ಗೆ ಹುಳು ಕಾಣಿಸಬಹುದು. ಒಂದು ಗಾಯವನ್ನು ಅಲಕ್ಷಿಸಿದರೆ ಎರಡು-ಮೂರು ವಾರಗಳಲ್ಲಿ ನಿಮ್ಮ ಅಂಗಳದಲ್ಲೇ ನೂರಾರು ಹೊಸ ನೊಣಗಳು ಹುಟ್ಟಬಹುದು.

ಬಾತುಗಳಲ್ಲಿ ಹುಳು ಬೀಳಲು ಕಾರಣಗಳು

ಸ್ವಚ್ಛವಾದ, ಒಣಗಿದ, ಗಾಯವಿಲ್ಲದ ಮೈಮೇಲೆ ನೊಣ ಮೊಟ್ಟೆಯಿಡುವುದು ಅಪರೂಪ. ಹುಳು ಬಿದ್ದಿದೆ ಎಂದರೆ ಅದಕ್ಕೂ ಮೊದಲೇ ಏನೋ ಒಂದು ತೊಂದರೆ ಇತ್ತು ಎಂದೇ ತಿಳಿಯಬೇಕು. ಬಾತುಗಳಲ್ಲಿ ಸಾಮಾನ್ಯವಾಗಿ ಕಾಣುವ ಕಾರಣಗಳು ಹೀಗಿವೆ.

1. ಭೇದಿ ಅಥವಾ ತೆಳು ಹಿಕ್ಕೆಯಿಂದ ಮಲದ್ವಾರದ ಸುತ್ತಲಿನ ಗರಿಗಳು ಕೊಳಕಾಗಿ ಅಂಟಿಕೊಳ್ಳುವುದು. ಬಹುಪಾಲು ಪ್ರಕರಣಗಳು ಇಲ್ಲಿಂದಲೇ ಆರಂಭವಾಗುತ್ತವೆ.

2. ಗರಿಯ ಜಲನಿರೋಧಕ ಗುಣ ಕುಂದುವುದು. ಬಾಲದ ಬುಡದ ಮೇಲ್ಭಾಗದಲ್ಲಿರುವ ಎಣ್ಣೆ ಗ್ರಂಥಿಯಿಂದ ಕೊಕ್ಕಿನಲ್ಲಿ ಎಣ್ಣೆ ತೆಗೆದು ಬಾತು ತನ್ನ ಗರಿಗಳಿಗೆ ಸವರಿಕೊಳ್ಳುತ್ತದೆ. ಮೀಯಲು ಶುದ್ಧ ನೀರಿಲ್ಲದೆ ಕೆಸರಿನಲ್ಲೇ ಇರುವ ಪಕ್ಷಿಗಳಲ್ಲಿ ಈ ವ್ಯವಸ್ಥೆ ಕೆಟ್ಟು, ಗರಿಗಳು ನೀರು ಹೀರಿ ಸದಾ ಒದ್ದೆಯಾಗಿರುತ್ತವೆ.

3. ಗಂಡು ಬಾತುಗಳು ಹೆಚ್ಚಾಗಿರುವುದು. ಕೂಡುವಾಗ ಗಂಡು ಬಾತು ಹೆಣ್ಣಿನ ಕತ್ತಿನ ಹಿಂಭಾಗವನ್ನು ಕೊಕ್ಕಿನಿಂದ ಹಿಡಿಯುತ್ತದೆ. ಗಂಡುಗಳು ಹೆಚ್ಚಿದ್ದರೆ ಹೆಣ್ಣುಗಳ ಕತ್ತು ಮತ್ತು ಬೆನ್ನಿನ ಗರಿ ಕಿತ್ತು ಗಾಯಗಳಾಗುತ್ತವೆ. ಮೇಲಿನ ಗರಿಗಳ ಮರೆಯಲ್ಲಿ ಈ ಗಾಯ ಕಣ್ಣಿಗೆ ಬೀಳುವುದೇ ಇಲ್ಲ.

4. ನಾಯಿ, ಮುಂಗುಸಿ, ಕಾಡುಬೆಕ್ಕಿನ ಕಡಿತ. ಹೊರಗೆ ಸಣ್ಣ ತೂತಿನಂತೆ ಕಂಡರೂ ಒಳಗೆ ಆಳವಾಗಿರುತ್ತದೆ.

5. ಅಂಗಾಲಿನ ಬಾವು. ಒರಟು ನೆಲ, ಕಲ್ಲು, ಮುಳ್ಳುಗಳಿಂದ ಅಂಗಾಲಿನಲ್ಲಿ ಗಾಯವಾಗಿ ಕೀವು ಕಟ್ಟುತ್ತದೆ.

6. ಮೊಟ್ಟೆಯಿಡುವಾಗ ಅಂಡನಾಳ ಹೊರಬರುವುದು. ಗಂಡು ಬಾತುಗಳಲ್ಲಿ ಶಿಶ್ನ ಒಳಸರಿಯದೆ ಹೊರಗೇ ಉಳಿಯುವುದು. ಇವೆರಡೂ ತುರ್ತು ಸ್ಥಿತಿಗಳು.

7. ಕಾಲಿನ ನಿಶ್ಶಕ್ತಿ. ಕೋಳಿಮರಿಗಳಿಗಿಂತ ಬಾತುಮರಿಗಳಿಗೆ ನಯಾಸಿನ್ ಜೀವಸತ್ವ ಹೆಚ್ಚು ಬೇಕು. ಕೋಳಿಮರಿಯ ಆಹಾರವನ್ನಷ್ಟೇ ಕೊಟ್ಟು ಬೆಳೆಸಿದರೆ ಕಾಲು ಸೊಟ್ಟಗಾಗಿ ಅಥವಾ ಬಲವಿಲ್ಲದೆ, ತನ್ನ ಹಿಕ್ಕೆಯ ಮೇಲೆಯೇ ಕುಳಿತಿರುವ ಸಂಭವವಿದೆ.

8. ಕಾವು ಕುಳಿತ ಹೆಣ್ಣು ಬಾತು. ದಿನದ ಬಹುಭಾಗ ಗೂಡು ಬಿಟ್ಟೇಳದ ಕಾರಣ ಅದರ ಹೊಟ್ಟೆಯ ಕೆಳಭಾಗವನ್ನು ಯಾರೂ ನೋಡಿರುವುದಿಲ್ಲ.

ಗುರುತಿಸುವುದು ಹೇಗೆ?

ಆರಂಭದಲ್ಲಿ ಪಕ್ಷಿ ಗುಂಪಿನಿಂದ ಹಿಂದೆ ಉಳಿಯುತ್ತದೆ, ನೀರಿಗೆ ಇಳಿಯಲು ಹಿಂಜರಿಯುತ್ತದೆ, ಪದೇ ಪದೇ ಬಾಲ ಅಲುಗಿಸುತ್ತದೆ, ಕೊಕ್ಕಿನಿಂದ ಹಿಂಬದಿಯನ್ನೇ ಕುಟುಕಿಕೊಳ್ಳುತ್ತದೆ. ಬಾಲದ ಕೆಳಗಿನ ಗರಿಗಳು ತೇವವಾಗಿ, ಕಡ್ಡಿಗಳಂತೆ ಅಂಟಿಕೊಂಡಿರುತ್ತವೆ. ಬೇರೆ ಬಾತುಗಳ ಗರಿ ಒಣಗಿದ್ದು ಇದೊಂದರದು ಮಾತ್ರ ಒದ್ದೆಯಾಗಿದ್ದರೆ ಅದನ್ನು ಮಳೆಯ ಲೆಕ್ಕಕ್ಕೆ ಹಾಕಬೇಡಿ.

ಗರಿ ಸರಿಸಿದಾಗ ಬುಡದಲ್ಲಿ ನುಚ್ಚಕ್ಕಿಗಿಂತ ಸಣ್ಣದಾದ, ಬಿಳಿ ಅಥವಾ ತಿಳಿಹಳದಿ ಬಣ್ಣದ ಕಣಗಳ ಗುಂಪು ಕಂಡರೆ ಅವು ನೊಣದ ಮೊಟ್ಟೆಗಳು. ಈ ಹಂತದಲ್ಲಿ ಆ ಗರಿಗಳನ್ನು ಬುಡಕ್ಕೆ ಕತ್ತರಿಸಿ ತೆಗೆದು, ಚರ್ಮವನ್ನು ತೊಳೆದು ಒಣಗಿಸಿದರೆ ಅಪಾಯ ಬಹುಪಾಲು ತಪ್ಪಿದಂತೆ. ಮುಂದಿನ ಹಂತದಲ್ಲಿ ಸಣ್ಣ ಹುಳುಗಳ ಚಲನೆ, ರಕ್ತಮಿಶ್ರಿತ ಸ್ರಾವ, ಕೊಳೆತ ವಾಸನೆ ಕಾಣಿಸುತ್ತವೆ. ಕೊನೆಯಲ್ಲಿ ಪಕ್ಷಿ ಮೇವು ಬಿಟ್ಟು, ಕಣ್ಣು ಮುಚ್ಚಿ ಕುಳಿತುಬಿಡುತ್ತದೆ. ವಾಸನೆ ಬರುವವರೆಗೆ ಕಾಯುವುದೆಂದರೆ ತಡವಾಯಿತೆಂದೇ ಅರ್ಥ.

ತಕ್ಷಣ ಕೈಗೊಳ್ಳಬೇಕಾದ ಕ್ರಮಗಳು

ಹುಳು ಕಂಡ ಕೂಡಲೇ ಪಶುವೈದ್ಯರಿಗೆ ಕರೆ ಮಾಡಿ. ವೈದ್ಯರು ಬರುವವರೆಗೆ ಅಥವಾ ನೀವು ಆಸ್ಪತ್ರೆ ತಲುಪುವವರೆಗೆ ಈ ಕೆಳಗಿನ ಕೆಲಸಗಳನ್ನು ಮನೆಯಲ್ಲೇ ಆರಂಭಿಸಬಹುದು.

1. ಪಕ್ಷಿಯನ್ನು ಬೇರ್ಪಡಿಸಿ ನೊಣ ಬಾರದ ಕೋಣೆಗೆ ತನ್ನಿ. ಕಾಲು ಹಿಡಿದು ತಲೆಕೆಳಗಾಗಿ ಎತ್ತಬೇಡಿ. ರೆಕ್ಕೆಗಳನ್ನು ಮೈಗೆ ಒತ್ತಿ, ಹಳೆಯ ಟವೆಲಿನಲ್ಲಿ ಸುತ್ತಿ, ತಲೆ ಹೊರಗಿರುವಂತೆ ಒಬ್ಬರು ಹಿಡಿದುಕೊಳ್ಳಿ. ಕೈಗವಸು ಧರಿಸಿ.

2. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ, ಅಂದರೆ ಸುಮಾರು ಒಂದೂವರೆ ಚಹಾ ಚಮಚ ಅಡುಗೆ ಉಪ್ಪು ಸೇರಿಸಿ ಉಗುರುಬೆಚ್ಚಗಿನ ದ್ರಾವಣ ಮಾಡಿಕೊಳ್ಳಿ. ಇದಕ್ಕಿಂತ ಹೆಚ್ಚು ಉಪ್ಪು ಬೇಡ; ಗಾಯ ಉರಿಯುತ್ತದೆ.

3. ಗಾಯದ ಸುತ್ತ ಅಂಟಿಕೊಂಡಿರುವ ಗರಿಗಳನ್ನು ಕತ್ತರಿಯಿಂದ ಕತ್ತರಿಸಿ. ಕೀಳಬೇಡಿ, ಕಿತ್ತರೆ ಹೊಸ ಗಾಯವಾಗುತ್ತದೆ. ಗರಿ ತೆಗೆದ ಮೇಲೆಯೇ ಗಾಯದ ನಿಜವಾದ ವಿಸ್ತಾರ ತಿಳಿಯುತ್ತದೆ. ಅದು ನೀವು ಊಹಿಸಿದ್ದಕ್ಕಿಂತ ದೊಡ್ಡದಿರುವುದೇ ಹೆಚ್ಚು.

4. ಸೂಜಿ ತೆಗೆದ 20 ಮಿ.ಲೀ. ಸಿರಿಂಜಿನಲ್ಲಿ ಉಪ್ಪುನೀರನ್ನು ತುಂಬಿ ಗಾಯದೊಳಕ್ಕೆ ಪದೇ ಪದೇ ಹಾಯಿಸಿ. ತೇಲಿಬಂದ ಹುಳುಗಳನ್ನು ಮೊಂಡು ತುದಿಯ ಚಿಮುಟದಿಂದ ಹಿಡಿದು ತೆಗೆಯಿರಿ. ಹುಳುವನ್ನು ಗಾಯದೊಳಗೆ ಜಜ್ಜಬೇಡಿ.

5. ಆಳದಲ್ಲಿ ಕಚ್ಚಿಕೊಂಡ ಹುಳುಗಳಿದ್ದರೆ ಗಾಯದ ಬಾಯಿಗೆ ಸ್ವಲ್ಪ ವ್ಯಾಸಲಿನ್ ಹಚ್ಚಿ ಸುಮಾರು ಹತ್ತು ನಿಮಿಷ ಬಿಡಿ. ಗಾಳಿ ಸಿಗದೆ ಹುಳುಗಳು ಉಸಿರಿಗಾಗಿ ಮೇಲಕ್ಕೆ ಬಂದಾಗ ತೆಗೆದು, ವ್ಯಾಸಲಿನ್ ಒರೆಸಿಬಿಡಿ.

6. ಕಣ್ಣಿಗೆ ಕಾಣುವ ಹುಳುಗಳೆಲ್ಲ ಹೋದ ಮೇಲೆ ಪೊವಿಡೋನ್ ಅಯೋಡಿನ್ ದ್ರಾವಣದ ಒಂದು ಭಾಗಕ್ಕೆ ಹತ್ತು ಭಾಗ ನೀರು ಬೆರೆಸಿ, ತಿಳಿ ಚಹಾದ ಬಣ್ಣ ಬಂದಾಗ ಅದರಿಂದ ಗಾಯವನ್ನು ತೊಳೆಯಿರಿ.

7. ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಪಕ್ಷಿಯನ್ನು ಪೂರ್ತಿ ಒಣಗಿಸಿ ಬೆಚ್ಚಗಿಡಿ. ಒದ್ದೆ ಮೈಯಲ್ಲಿ ಬಿಟ್ಟರೆ ನಿತ್ರಾಣಗೊಂಡ ಪಕ್ಷಿ ಚಳಿಯಿಂದಲೇ ಸಾಯಬಹುದು.

ಒಂದೇ ಬಾರಿಗೆ ಎಲ್ಲಾ ಹುಳುಗಳು ಹೋದವೆಂದು ನಂಬಬೇಡಿ. ಕಣ್ಣಿಗೆ ಕಾಣದ ಮೊಟ್ಟೆಗಳು ಮರುದಿನ ಒಡೆಯುತ್ತವೆ. ಆದ್ದರಿಂದ ಮೊದಲ ಎರಡು ದಿನ 6 ರಿಂದ 8 ಗಂಟೆಗೊಮ್ಮೆ, ನಂತರ ಗಾಯ ಒಣಗುವವರೆಗೆ ದಿನಕ್ಕೆರಡು ಬಾರಿ ಇದೇ ಕ್ರಮದಲ್ಲಿ ಪರೀಕ್ಷಿಸಬೇಕು. ಒಂದು ಬಾರಿಯ ಶುಚಿಯು ಅರ್ಧ ಗಂಟೆ ಮೀರಿದರೆ ಪಕ್ಷಿ ಬಳಲುತ್ತದೆ. ನಡುವೆ ವಿಶ್ರಾಂತಿ ಕೊಟ್ಟು ಮುಂದುವರಿಸಿ.

ವೈದ್ಯರ ಕೈಯಲ್ಲೇ ಇರಬೇಕಾದ ಔಷಧಗಳು

ನಾನು ಬೇಸಾಯಶಾಸ್ತ್ರದ ವಿಜ್ಞಾನಿ. ಔಷಧಿ ಬರೆಯುವುದು ಪಶುವೈದ್ಯರ ಕೆಲಸ. ಆದರೂ ಕೆಲವು ಔಷಧಗಳು ಮನೆಮದ್ದಾಗಬಾರದೆಂಬ ಕಾರಣವನ್ನು ತಿಳಿಸುವುದು ಅವಶ್ಯ.

ಹುಳುಗಳನ್ನು ಕೊಲ್ಲಲು ವೈದ್ಯರು ಐವರ್‌ಮೆಕ್ಟಿನ್ ಬಳಸುವುದುಂಟು. ದನಗಳಿಗೆ ಕೊಡುವ ಶೇ. 1ರ ಚುಚ್ಚುಮದ್ದಿನ ಒಂದು ಮಿ.ಲೀ.ನಲ್ಲಿ 10 ಮಿ.ಗ್ರಾಂ. ಔಷಧವಿರುತ್ತದೆ. ಪ್ರತಿ ಕೆ.ಜಿ. ತೂಕಕ್ಕೆ 0.2 ಮಿ.ಗ್ರಾಂ. ಎಂಬ ಸಾಮಾನ್ಯ ಪ್ರಮಾಣವನ್ನು ಹಿಡಿದರೆ 2 ಕೆ.ಜಿ. ತೂಗುವ ಬಾತಿಗೆ ಬೇಕಾಗುವುದು 0.04 ಮಿ.ಲೀ. ಮಾತ್ರ. ಅಂದರೆ ಒಂದು ಹನಿಯಷ್ಟು. ಮನೆಯಲ್ಲಿರುವ ಸಿರಿಂಜಿನಲ್ಲಿ ಇದನ್ನು ಅಳೆಯಲಾಗದು. 'ಸ್ವಲ್ಪ' ಎಂದು ಕೊಟ್ಟದ್ದು ಹತ್ತು ಪಟ್ಟಾಗಿಬಿಡಬಹುದು. ಪಕ್ಷಿಯನ್ನು ತೂಗಿ, ಸೂಕ್ತವಾಗಿ ತೆಳುಗೊಳಿಸಿ ಕೊಡುವುದು ವೈದ್ಯರಿಂದ ಮಾತ್ರ ಸಾಧ್ಯ. ಸೋಂಕು ಒಳಗಿಳಿದಿದ್ದರೆ ಪ್ರತಿಜೈವಿಕ ಔಷಧಿ ಮತ್ತು ನೋವುನಿವಾರಕಗಳನ್ನೂ ಅವರೇ ನಿರ್ಧರಿಸುತ್ತಾರೆ.

ಇಂತಹ ಔಷಧಗಳನ್ನು ಕೊಟ್ಟ ಬಾತಿನ ಮೊಟ್ಟೆ ಮತ್ತು ಮಾಂಸವನ್ನು ಎಷ್ಟು ದಿನ ಬಳಸಬಾರದೆಂದು ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಆ ಅವಧಿಯ ಮೊಟ್ಟೆಗಳನ್ನು ಮಾರುವುದಾಗಲಿ, ಮನೆಯ ಮಕ್ಕಳಿಗೆ ಕೊಡುವುದಾಗಲಿ ಸಲ್ಲದು.

ಮಾಡಬಾರದ ಕೆಲಸಗಳು

ದನಗಳ ಹುಳುಗಾಯಕ್ಕೆ ನಮ್ಮ ಹಳ್ಳಿಗಳಲ್ಲಿ ಬಳಸುವ ಹಲವು ಮದ್ದುಗಳಿವೆ. 300 ಕೆ.ಜಿ. ತೂಗುವ ಎತ್ತು ತಡೆದುಕೊಳ್ಳುವುದನ್ನು 2 ಕೆ.ಜಿ. ತೂಗುವ ಬಾತು ತಡೆದುಕೊಳ್ಳುತ್ತದೆಂದು ತಿಳಿಯಬಾರದು.

• ಟರ್ಪೆಂಟೈನ್ ಎಣ್ಣೆ, ಸೀಮೆಎಣ್ಣೆ, ಪೆಟ್ರೋಲ್, ಫಿನಾಯಿಲ್ ಸುರಿಯಬೇಡಿ. ಇವು ಹಸಿ ಮಾಂಸವನ್ನು ಸುಡುತ್ತವೆ, ಚರ್ಮದ ಮೂಲಕ ಒಳಸೇರುತ್ತವೆ. ಗರಿ ತೀಡುವಾಗ ಕೊಕ್ಕಿನ ಮೂಲಕ ಹೊಟ್ಟೆಗೂ ಹೋಗುತ್ತವೆ.

• ನುಸಿಗುಳಿಗೆಯ ಪುಡಿ, ತಂಬಾಕಿನ ಎಲೆ ತುಂಬಬೇಡಿ. ಎರಡೂ ಪಕ್ಷಿಗಳಿಗೆ ವಿಷ.

• ಬೆಳೆಗೆ ಸಿಂಪಡಿಸುವ ಮೆಲಾಥಿಯಾನ್, 2020ರವರೆಗೆ ಬಳಕೆಯಲ್ಲಿದ್ದ ಡೈಕ್ಲೋರ್‌ವಾಸ್‌ನಂತಹ ಕೀಟನಾಶಕಗಳನ್ನು ಯಾವ ಕಾರಣಕ್ಕೂ ಗಾಯಕ್ಕೆ ಹಾಕಬೇಡಿ. ಈ ಗುಂಪಿನ ರಾಸಾಯನಿಕಗಳಿಗೆ ಪಕ್ಷಿಗಳು ಬಹಳ ಬೇಗ ಬಲಿಯಾಗುತ್ತವೆ.

• ಅರಿಶಿನದ ಪುಡಿಯನ್ನು ದಪ್ಪಗೆ ಮೆತ್ತಬೇಡಿ. ಮೇಲೆ ಹೊರಪದರ ಕಟ್ಟಿ ಒಳಗಿನ ಹುಳುಗಳು ಮರೆಯಾಗುತ್ತವೆ. ನೋಡುವವರಿಗೆ ಗಾಯ ಮಾಯುತ್ತಿದೆ ಎನಿಸುತ್ತದೆ, ಹುಳು ಮಾತ್ರ ಒಳಗೆ ಕೊರೆಯುತ್ತಲೇ ಇರುತ್ತದೆ.

• ಬೇವಿನ ಎಣ್ಣೆಯನ್ನು ಮೈಗೆಲ್ಲ ಬಳಿಯಬೇಡಿ. ಗರಿಗಳ ಜಲನಿರೋಧಕ ಗುಣ ಕೆಡುತ್ತದೆ. ನೊಣ ದೂರವಿಡಲು ಗಾಯದ ಅಂಚಿನ ಆಚೆ, ಗರಿ ಕತ್ತರಿಸಿದ ಚರ್ಮಕ್ಕೆ ತೆಳುವಾಗಿ ಸವರಿದರೆ ಸಾಕು.

• ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ವಿಶೇಷವಾಗಿ ಡೈಕ್ಲೋಫೆನಾಕ್ ಬೇಡ. ರಣಹದ್ದುಗಳ ಸಾವಿಗೆ ಕಾರಣವಾದ ಈ ಔಷಧಿಯ ಪಶು ಬಳಕೆಯನ್ನು ನಮ್ಮ ದೇಶದಲ್ಲಿ 2006ರಲ್ಲಿಯೇ ನಿಷೇಧಿಸಲಾಗಿದೆ.

ಚೇತರಿಕೆಯ ದಿನಗಳ ಆರೈಕೆ

ಗಾಯ ಮುಚ್ಚುವವರೆಗೆ ಕೆರೆ, ಗದ್ದೆ, ಹೊಂಡದ ನೀರಿಗೆ ಬಿಡಬಾರದು. ಹಾಸಿಗೆಯಾಗಿ ಹೊಟ್ಟಿನ ಬದಲು ಹಳೆಯ ಸ್ವಚ್ಛ ಬಟ್ಟೆ ಅಥವಾ ಟವೆಲ್ ಹಾಸಿ ದಿನಕ್ಕೆರಡು ಬಾರಿ ಬದಲಿಸಿ. ಹೊಟ್ಟು ಗಾಯಕ್ಕೆ ಅಂಟುತ್ತದೆ. ಬಿಳಿ ಬಟ್ಟೆಯಾದರೆ ಉದುರಿದ ಹುಳು, ರಕ್ತ, ಹಿಕ್ಕೆಯ ಬಣ್ಣ ಎಲ್ಲವೂ ಕೂಡಲೇ ಕಾಣುತ್ತವೆ. ಕುಡಿಯುವ ನೀರು ಸದಾ ಕೈಗೆಟಕುವಂತಿರಲಿ. ಮೆತ್ತಗೆ ಮಾಡಿದ ಆಹಾರ, ಬೇಯಿಸಿದ ಮೊಟ್ಟೆ, ತೊಳೆದ ಅಜೋಲಾ ಕೊಡಬಹುದು. ಬಾತು ಒಂಟಿಯಾಗಿದ್ದರೆ ಮಂಕಾಗುತ್ತದೆ. ಜಾಲರಿಯ ಆಚೆ ಜೊತೆಗಾರ ಬಾತು ಕಾಣುವಂತೆ ಇಟ್ಟರೆ ಮೇವು ತಿನ್ನುವುದು ಬೇಗ ಆರಂಭವಾಗುತ್ತದೆ. ಜೊತೆಗೆ, ಹುಳು ಬೀಳಲು ಕಾರಣವಾದ ಮೂಲ ತೊಂದರೆಯನ್ನು ಹುಡುಕಿ ಸರಿಪಡಿಸಿ. ಭೇದಿ ನಿಲ್ಲದಿದ್ದರೆ ಹುಳು ಮತ್ತೆ ಬೀಳುತ್ತದೆ.

ಹುಳುಗಳು ಮಲದ್ವಾರದೊಳಗೆ ಅಥವಾ ಹೊಟ್ಟೆಯ ಒಳಭಾಗಕ್ಕೆ ಇಳಿದಿದ್ದು, ಪಕ್ಷಿ ತಲೆಯೆತ್ತಲಾರದ ಸ್ಥಿತಿಯಲ್ಲಿದ್ದರೆ ಅದು ಉಳಿಯುವ ಸಾಧ್ಯತೆ ತೀರಾ ಕಡಿಮೆ. ಅಂತಹ ಸಂದರ್ಭದಲ್ಲಿ ನೋವಿಲ್ಲದ ಮರಣ ನೀಡುವ ಸಲಹೆಯನ್ನು ವೈದ್ಯರು ಕೊಟ್ಟರೆ ಅದನ್ನು ಕ್ರೌರ್ಯವೆಂದು ತಿಳಿಯಬೇಡಿ.

ತೆಗೆದ ಹುಳು, ಸತ್ತ ಪಕ್ಷಿ: ಎರಡನೆಯ ಅಪಾಯ

ಗಾಯದಿಂದ ತೆಗೆದ ಹುಳುಗಳನ್ನು ಅಂಗಳಕ್ಕೆ ಎಸೆದರೆ ಅವು ಮಣ್ಣು ಸೇರಿ ನೊಣಗಳಾಗುತ್ತವೆ. ಅವುಗಳನ್ನು ಕುದಿಯುವ ನೀರಿಗೆ ಹಾಕಿ ಕೊಂದು, ನಂತರ ಹೂಳಿ.

ಇದಕ್ಕಿಂತ ಗಂಭೀರವಾದ ವಿಷಯ ಇನ್ನೊಂದಿದೆ. ಗದ್ದೆಯ ಬದಿಯಲ್ಲೋ ಹೊಂಡದ ಅಂಚಿನಲ್ಲೋ ಸತ್ತು ಬಿದ್ದ ಪಕ್ಷಿ, ಇಲಿ, ಮೀನುಗಳ ಶವದಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾ ಬೆಳೆದು ಪ್ರಬಲ ವಿಷವನ್ನು ಉತ್ಪಾದಿಸಬಲ್ಲದು. ಶವವನ್ನು ತಿನ್ನುವ ನೊಣದ ಹುಳುಗಳ ದೇಹದಲ್ಲಿ ಈ ವಿಷ ಸಂಗ್ರಹವಾಗುತ್ತದೆ. ಹುಳುಗಳಿಗೆ ಏನೂ ಆಗುವುದಿಲ್ಲ. ಆದರೆ ಅವುಗಳನ್ನು ಹೆಕ್ಕಿ ತಿಂದ ಬಾತುಗಳಿಗೆ ಮೊದಲು ಕಾಲು, ನಂತರ ರೆಕ್ಕೆ, ಕೊನೆಗೆ ಕತ್ತಿನ ಸ್ನಾಯುಗಳು ಸ್ವಾಧೀನ ತಪ್ಪುತ್ತವೆ. ಕತ್ತು ಎತ್ತಲಾಗದ ಬಾತು ನೀರಿನಲ್ಲಿದ್ದರೆ ಮುಳುಗಿ ಸಾಯುತ್ತದೆ. ಸತ್ತ ಆ ಬಾತಿನಲ್ಲೂ ಹುಳು ಹುಟ್ಟಿ, ಅದನ್ನು ತಿಂದ ಮತ್ತಷ್ಟು ಬಾತುಗಳು ಸಾಯುತ್ತವೆ. ಹೀಗೆ ಒಂದು ಶವದಿಂದ ಇಡೀ ಹಿಂಡು ನಾಶವಾಗಬಹುದು.

ಆದ್ದರಿಂದ ಸತ್ತ ಪಕ್ಷಿಯನ್ನು ಅದೇ ದಿನ, ನೀರಿನ ಮೂಲದಿಂದ ದೂರದಲ್ಲಿ, ನಾಯಿ ಕೆದಕಲಾಗದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. 'ಹುಳು ಬಾತಿಗೆ ಒಳ್ಳೆಯ ಮೇವು' ಎಂದು ಕೊಳೆತ ಮಾಂಸದಲ್ಲಿ ಹುಳು ಬೆಳೆಸಿ ತಿನ್ನಿಸುವುದು ಅಪಾಯಕಾರಿ. ಹಲವು ಬಾತುಗಳು ಒಟ್ಟಿಗೆ ಸತ್ತರೆ ಕಾರಣವನ್ನು ಊಹಿಸದೆ ಪಶುವೈದ್ಯರಿಗೆ ತಿಳಿಸಿ. ಪಕ್ಷಿಗಳ ಸಾಮೂಹಿಕ ಸಾವಿಗೆ ಹಕ್ಕಿಜ್ವರವೂ ಸೇರಿದಂತೆ ಬೇರೆ ಕಾರಣಗಳಿರಬಹುದು.

ತಡೆಗಟ್ಟುವ ಕ್ರಮಗಳು

ಪಕ್ಷಿಯ ಮೈ: ಬೆಳಿಗ್ಗೆ ಗೂಡಿನಿಂದ ಬಿಡುವಾಗ ಮತ್ತು ಸಂಜೆ ಒಳಗೆ ಸೇರಿಸುವಾಗ ಪ್ರತಿ ಬಾತಿನ ಬಾಲದ ಕೆಳಭಾಗ ನೋಡಿ. ಹಿಂಡು ದೊಡ್ಡದಿದ್ದರೆ ಕಿರಿದಾದ ಬಾಗಿಲಿನಿಂದ ಒಂದೊಂದಾಗಿ ಹೊರಬರುವಂತೆ ಮಾಡಿ, ಕುಂಟುವ, ಹಿಂದುಳಿಯುವ, ಹಿಂಬದಿ ಒದ್ದೆಯಾದ ಪಕ್ಷಿಗಳನ್ನು ಹಿಡಿದು ಪರೀಕ್ಷಿಸಿ. ವಾರಕ್ಕೊಮ್ಮೆ ಎಲ್ಲವನ್ನೂ ಕೈಯಲ್ಲಿ ಹಿಡಿದು ಕತ್ತು, ರೆಕ್ಕೆಯ ಅಡಿ, ಅಂಗಾಲು ನೋಡಿ. ಕೊಳಕಾದ ಗರಿಗಳನ್ನು ಆಗಲೇ ಕತ್ತರಿಸಿ ತೊಳೆಯಿರಿ. ನಾಲ್ಕರಿಂದ ಆರು ಹೆಣ್ಣಿಗೆ ಒಂದು ಗಂಡಿಗಿಂತ ಹೆಚ್ಚು ಬೇಡ. ಕಾವು ಕುಳಿತ ಬಾತನ್ನು ಅದು ಮೇವಿಗೆ ಎದ್ದಾಗ ತಪ್ಪದೆ ನೋಡಿ.

ನೀರು: ಕುಡಿಯುವ ತೊಟ್ಟಿಯ ಆಳ 12 ರಿಂದ 15 ಸೆಂ.ಮೀ. ಇರಲಿ. ಕೊಕ್ಕು, ಮೂಗಿನ ಹೊಳ್ಳೆ, ಕಣ್ಣುಗಳನ್ನು ಮುಳುಗಿಸಿ ತೊಳೆದುಕೊಳ್ಳಲು ಇಷ್ಟು ಬೇಕು. ಮೀಯಲು ಪ್ರತ್ಯೇಕವಾಗಿ ತಿಳಿನೀರು ಒದಗಿಸಿ. ಗದ್ದೆಯ ಕೆಸರಿನಿಂದ ಬಂದ ಬಾತುಗಳು ಈ ನೀರಿನಲ್ಲಿ ಮಿಂದು, ಗರಿ ತೀಡಿ, ಒಣಗಿದ ನಂತರ ಗೂಡು ಸೇರುವಂತಿರಲಿ.

ಗೂಡು: ಬಾತಿನ ಹಿಕ್ಕೆಯಲ್ಲಿ ನೀರಿನಂಶ ಬಹಳ ಹೆಚ್ಚು. ನೀರು ಚೆಲ್ಲುವುದೂ ಹೆಚ್ಚು. ನೀರಿನ ತೊಟ್ಟಿಯನ್ನು ತಂತಿಜಾಲರಿಯ ಕಟ್ಟೆಯ ಮೇಲಿಟ್ಟು, ಕೆಳಗೆ ನೀರು ಹರಿದುಹೋಗುವ ಕಾಲುವೆ ಮಾಡಿ. ಪ್ರತಿ ದೊಡ್ಡ ಬಾತಿಗೆ 3 ರಿಂದ 4 ಚದರ ಅಡಿ ಜಾಗವಿರಲಿ. ಭತ್ತದ ಹೊಟ್ಟನ್ನು 8 ರಿಂದ 10 ಸೆಂ.ಮೀ. ದಪ್ಪಕ್ಕೆ ಹರಡಿ, ಒದ್ದೆಯಾದ ಭಾಗವನ್ನು ದಿನವೂ ತೆಗೆದು ಒಣ ಹೊಟ್ಟು ಹಾಕಿ. ಒಂದು ಹಿಡಿ ಹೊಟ್ಟನ್ನು ಅಮುಕಿ ನೋಡಿ. ಉಂಡೆಯಾಗಿ ನಿಂತರೆ ತೇವ ಹೆಚ್ಚಾಗಿದೆ ಎಂದರ್ಥ. ಕಿಟಕಿಗಳಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ.

ಸುತ್ತಲಿನ ಪರಿಸರ: ಮೀನು, ಮಾಂಸದ ತ್ಯಾಜ್ಯವನ್ನು ಅಂದಂದೇ ಹೂಳಿ. ತಿಪ್ಪೆಯನ್ನು ಗೂಡಿನಿಂದ ದೂರವಿಡಿ. ತೆರೆದ, ತೇವದ ತಿಪ್ಪೆಯಲ್ಲಿ ಮನೆನೊಣಗಳು ಹೇರಳವಾಗಿ ಹುಟ್ಟುತ್ತವೆ. ಕೋಳಿ, ಬಾತುಗಳ ಹಿಕ್ಕೆಯನ್ನು ಹುಲ್ಲು, ಸೊಪ್ಪು, ಹೊಟ್ಟಿನೊಂದಿಗೆ ಪದರಗಳಾಗಿ ಪೇರಿಸಿ, ಮೇಲೆ ಮಣ್ಣು ಅಥವಾ ಹಾಳೆ ಮುಚ್ಚಿ ಕಾಂಪೋಸ್ಟ್ ಮಾಡಿ. ಸರಿಯಾಗಿ ಪೇರಿಸಿದ ರಾಶಿಯ ಒಳಗಿನ ಉಷ್ಣತೆ 55 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಆ ಶಾಖದಲ್ಲಿ ನೊಣದ ಮೊಟ್ಟೆ, ಹುಳು ಉಳಿಯಲಾರವು. ತಂಪಾದ ಹೊರಪದರದಲ್ಲಿ ಅವು ಬದುಕುವುದರಿಂದ ರಾಶಿಯನ್ನು ಮಗುಚುತ್ತಿರಬೇಕು. ಇದರಿಂದ ಗದ್ದೆಗೆ ಒಳ್ಳೆಯ ಗೊಬ್ಬರವೂ ದೊರೆಯುತ್ತದೆ.

ನೊಣ ಹಿಡಿಯುವ ಬಲೆಗಳನ್ನು ಬಳಸುವುದಾದರೆ ಗೂಡಿನ ಪಕ್ಕದಲ್ಲಿ ಇಡಬೇಡಿ. ಅವುಗಳ ವಾಸನೆ ದೂರದ ನೊಣಗಳನ್ನೂ ಗೂಡಿನ ಬಳಿಗೆ ಕರೆತರುತ್ತದೆ. ಹತ್ತು-ಹದಿನೈದು ಮೀಟರ್ ಆಚೆ ಕಟ್ಟಿ. ವಿಷ ಬೆರೆಸಿದ ನೊಣದ ಆಹಾರವನ್ನು ಬಾತುಗಳಿರುವಲ್ಲಿ ಇಡಲೇಬಾರದು. ಬಾತುಗಳು ಆ ವಿಷವನ್ನೂ, ವಿಷ ತಿಂದು ಬಿದ್ದ ನೊಣಗಳನ್ನೂ ಹೆಕ್ಕಿ ತಿನ್ನುತ್ತವೆ.

ಇತರ ಪ್ರಾಣಿಗಳು: ಕ್ರೈಸೋಮಿಯಾ ಬೆಜ್ಜಿಯಾನಾ ಹುಟ್ಟುವುದು ತಿಪ್ಪೆಯಲ್ಲಲ್ಲ, ಬದುಕಿರುವ ಪ್ರಾಣಿಯ ಗಾಯದಲ್ಲಿ ಎಂಬುದನ್ನು ನೆನಪಿಡಿ. ಎಷ್ಟೇ ಶುಚಿಯಾಗಿದ್ದರೂ, ಕೊಟ್ಟಿಗೆಯ ಎತ್ತಿನ ಕೊಂಬಿನ ಬುಡದಲ್ಲೋ ಬೀದಿನಾಯಿಯ ಕಿವಿಯಲ್ಲೋ ಹುಳುಗಾಯವಿದ್ದರೆ ನೊಣಗಳು ಅಲ್ಲಿಂದ ಬರುತ್ತಲೇ ಇರುತ್ತವೆ. ಹೊಸದಾಗಿ ಹುಟ್ಟಿದ ಕರುವಿನ ಹೊಕ್ಕುಳು, ಕೊಂಬು ಮುರಿದ ಜಾಗ, ಮೂಗುದಾರದ ಗಾಯಗಳಿಗೂ ಅಂದೇ ಚಿಕಿತ್ಸೆ ಮಾಡಿಸಿ. ಪಕ್ಕದ ಮನೆಯವರ ನಾಯಿಗೆ ಚಿಕಿತ್ಸೆ ಕೊಡಿಸುವುದರಿಂದ ನಿಮ್ಮ ಬಾತಿಗೂ ರಕ್ಷಣೆ ಸಿಗುತ್ತದೆ.

ಸಿದ್ಧವಾಗಿಟ್ಟುಕೊಳ್ಳಬೇಕಾದ ಸಾಮಗ್ರಿಗಳು

ಜೂನ್ ತಿಂಗಳು ಆರಂಭವಾಗುವ ಮೊದಲೇ ಮುಚ್ಚಳವಿರುವ ಒಂದು ಡಬ್ಬಿಯಲ್ಲಿ ಈ ವಸ್ತುಗಳನ್ನು ಹಾಕಿಡಿ: ಸಣ್ಣ ಕತ್ತರಿ, ಮೊಂಡು ತುದಿಯ ಚಿಮುಟ, 20 ಮಿ.ಲೀ.ನ ಎರಡು ಸಿರಿಂಜು, ಪೊವಿಡೋನ್ ಅಯೋಡಿನ್, ವ್ಯಾಸಲಿನ್, ಹತ್ತಿ, ಕೈಗವಸು, ಹಳೆಯ ಬಿಳಿ ಟವೆಲ್, ಚಿಕ್ಕ ಟಾರ್ಚ್. ಮಳೆಯಲ್ಲಿ ಪೇಟೆಗೆ ಓಡುವ ಎರಡು ಗಂಟೆಯನ್ನು ಈ ಡಬ್ಬಿ ಉಳಿಸುತ್ತದೆ. ಡಬ್ಬಿಯ ಮೇಲೆ ನಿಮ್ಮ ಹೋಬಳಿಯ ಪಶುವೈದ್ಯರ ದೂರವಾಣಿ ಸಂಖ್ಯೆಯನ್ನೂ, ರಾಜ್ಯದ ಪಶು ಸಂಜೀವಿನಿ ಸೇವೆಯ ಉಚಿತ ಸಹಾಯವಾಣಿ 1962 ಅನ್ನೂ ಬರೆದು ಅಂಟಿಸಿ.

ಬಾತು ನೋವನ್ನು ಕೂಗಿ ಹೇಳುವ ಪ್ರಾಣಿಯಲ್ಲ. ಬಳಲಿದ್ದರೂ ಗುಂಪಿನೊಂದಿಗೆ ನಡೆಯಲು ಆದಷ್ಟು ಪ್ರಯತ್ನಿಸುತ್ತದೆ. ಅದು ಕುಳಿತುಬಿಟ್ಟ ದಿನ ನಮಗೆ ಉಳಿದಿರುವ ಸಮಯ ಕಡಿಮೆ. ಆದುದರಿಂದ ಇಂದು ಸಂಜೆ ಬಾತುಗಳನ್ನು ಗೂಡಿಗೆ ಸೇರಿಸುವಾಗಲೇ ಒಂದೊಂದನ್ನೂ ಎತ್ತಿ, ಬಾಲದ ಕೆಳಗಿನ ಗರಿಗಳನ್ನು ಸರಿಸಿ ನೋಡಿ. ಒದ್ದೆ ಕಂಡರೆ ಕಾರಣ ಹುಡುಕಿ, ನಾಳೆಗೆ ಬಿಡಬೇಡಿ.